ದೀಪ ಆರಿದ ಮೇಲೆ ಕೈಗೆ ಸಿಗುವ ಚೀಲ

ಕಳೆದ ಸಲ ರಾತ್ರಿ ರೈಲಿನಲ್ಲಿ ನನಗೆ ಸಿಕ್ಕಿದ್ದು ಮೇಲಿನ ಬರ್ತ್. ಚೀಲಕ್ಕೆ ಸಿಕ್ಕಿದ್ದು ಕೆಳಗಿನ ಬರ್ತಿನ ಅಡಿ, ಗೋಡೆಗೆ ಒತ್ತಿದ ಮೂಲೆ. ರಾತ್ರಿ ಎರಡರ ಹೊತ್ತಿಗೆ ಚಳಿ ಹತ್ತಿ ಎಚ್ಚರವಾಯಿತು. ಸ್ವೆಟರ್ ಇದ್ದದ್ದು ಚೀಲದ ತಳದಲ್ಲಿ. ಕತ್ತಲೆಯಲ್ಲಿ ತಡಕಾಡುತ್ತ ಇಳಿದೆ, ಯಾರದೋ ಚಪ್ಪಲಿಯ ಮೇಲೆ ಕಾಲಿಟ್ಟೆ, ಮಂಡಿಯೂರಿ ಚೀಲ ಎಳೆದೆ. ಮೇಲೆಯೇ ಇಟ್ಟಿದ್ದ ಪ್ಲಾಸ್ಟಿಕ್ ಚೀಲ ಪರಪರ ಅಂದಿತು. ಕೆಳಗೆ ಮಲಗಿದ್ದವರು ಮಗ್ಗುಲಾದರು. ಸ್ವೆಟರ್ ಸಿಕ್ಕಿತು, ಆದರೆ ಜಿಪ್ ಮುಚ್ಚಲಿಲ್ಲ: ರನ್ನರ್ ಮುಂದೆ ಮುಂದೆ ಹೋಗುತ್ತಿತ್ತು, ಅದರ ಹಿಂದೆ ಜಿಪ್ ಹಲ್ಲು ಕಿರಿದುಕೊಂಡು ನಿಂತಿತ್ತು. ಬೆಳಿಗ್ಗೆ ಸೊಂಟದ ಬೆಲ್ಟ್ ಬಿಚ್ಚಿ ಚೀಲಕ್ಕೆ ಸುತ್ತಿ, ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದರಲ್ಲಿ ಪ್ಯಾಂಟನ್ನೂ ಹಿಡಿದುಕೊಂಡು ಇಳಿದೆ.

ಮುಂದಿನ ಪಯಣಕ್ಕೆ ನಾಲ್ಕು ವಾರ ಇತ್ತು. ಜಿಪ್ ಸರಿ ಮಾಡಬೇಕು, ಅದು ಸಣ್ಣ ಕೆಲಸ. ಆದರೆ ಬೆಲ್ಟ್ ಸುತ್ತಿಕೊಂಡು ನಿಂತಿದ್ದಾಗ ತಲೆಯಲ್ಲಿ ಓಡಿದ್ದು ಬೇರೆಯೇ ಲೆಕ್ಕ. ನಾನು ಚೀಲ ತುಂಬಿದ್ದು ಮನೆಯ ಬೀರು ತುಂಬುವ ಹಾಗೆ: ಅಂಗಿಗಳೆಲ್ಲ ಒಂದು ಕಡೆ, ಒಳಉಡುಪು ಒಂದು ಕಡೆ, ಔಷಧಿ ಒಂದು ಕಡೆ. ಬೀರುವಿನ ಮುಂದೆ ನಿಂತವನಿಗೆ ದೀಪ ಇರುತ್ತದೆ, ಜಾಗ ಇರುತ್ತದೆ. ರೈಲಿನ ಬರ್ತಿನಲ್ಲಿ ಮಲಗಿದವನಿಗೆ ಇರುವುದು ಒಂದು ಕೈ ಮಾತ್ರ, ಅದೂ ಕತ್ತಲೆಯಲ್ಲಿ. ಹಾಗಾಗಿ ಸಾಮಾನನ್ನು ಅದರ ಜಾತಿ ನೋಡಿ ಅಲ್ಲ, ಎಷ್ಟು ಹೊತ್ತಿಗೆ ಬೇಕಾಗುತ್ತದೆ ಎಂದು ನೋಡಿ ಬೇರ್ಪಡಿಸಬೇಕು. ದೀಪ ಆರಿದ ಮೇಲೆ ಬೇಕಾಗುವ ಒಂದೇ ಒಂದು ವಸ್ತುವೂ ಬರ್ತಿನ ಅಡಿಗೆ ಹೋಗಕೂಡದು. ಅದಕ್ಕೆ ತಲೆಯ ಹತ್ತಿರ ತೂಗುಹಾಕುವ ಒಂದು ಚೀಲ ಬೇಕು. ಅಂಗಡಿಯಲ್ಲಿ ಸಿಗುವಂಥವು ಬಚ್ಚಲಮನೆಯ ಸಾಮಾನಿಗೆ ಮಾಡಿದವು, ತೆರೆದರೆ ಮೊಳದುದ್ದ ಇಳಿಬೀಳುತ್ತವೆ. ಹೊಲಿಯೋಣ ಎಂದುಕೊಂಡೆ. ಹೊಲಿಗೆ ಯಂತ್ರ ಮನೆಯಲ್ಲಿತ್ತು; ನನಗೆ ಬರುತ್ತಿದ್ದದ್ದು ನೇರ ಹೊಲಿಗೆ ಮಾತ್ರ.

ಮೊದಲ ವಾರ: ರನ್ನರ್

ಜಿಪ್ ಹಲ್ಲು ಕಿರಿದರೆ ಹಲ್ಲೇ ಹಾಳಾಗಿದೆ ಎಂದು ಹೆಚ್ಚಿನವರು ಚೀಲ ಎಸೆಯುತ್ತಾರೆ. ಹಲ್ಲನ್ನು ಸಾಲಾಗಿ ನೋಡಿಕೊಂಡು ಹೋದೆ: ಎಲ್ಲೂ ಮುರಿದಿರಲಿಲ್ಲ, ಹಿಸಿದಿರಲಿಲ್ಲ. ಸವೆದದ್ದು ರನ್ನರ್. ಅದರೊಳಗೆ ಎರಡು ಹಾದಿ ಸೇರಿ ಒಂದಾಗುತ್ತವೆ. ಎರಡು ಸಾಲು ಹಲ್ಲುಗಳು ಆ ಇಕ್ಕಟ್ಟಿನಲ್ಲಿ ಒಂದರೊಳಗೊಂದು ಒತ್ತಿ ಕೂರುತ್ತವೆ. ವರ್ಷಗಟ್ಟಲೆ ಉಬ್ಬಿದ ಚೀಲವನ್ನು ಎಳೆದೆಳೆದು ಮುಚ್ಚಿದರೆ ರನ್ನರಿನ ಮೇಲಿನ ತಗಡಿಗೂ ಕೆಳಗಿನ ತಗಡಿಗೂ ನಡುವಿನ ಸಂದಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಅಷ್ಟು ಸಾಕು, ಹಲ್ಲುಗಳು ಕೂರುವುದಿಲ್ಲ. ಗಿಡಿಯೋನ್ ಸಂಡ್‌ಬ್ಯಾಕ್ ಈಗಿನ ರೂಪದ ಜಿಪ್‌ಗೆ ಪೇಟೆಂಟ್ ಪಡೆದದ್ದು 1917ರಲ್ಲಿ. ಲೋಹದ ಹಲ್ಲಿನ ಜಾಗಕ್ಕೆ ಆಮೇಲೆ ನೈಲಾನ್ ಸುರುಳಿ ಬಂತು, ಆದರೆ ರನ್ನರಿನ ಒಳಗಿನ ಇಂಗ್ಲಿಷ್ ವೈ ಆಕಾರದ ಹಾದಿ ಅವತ್ತಿನದೇ.

ಇದಕ್ಕೆ ಮೊದಲ ಮದ್ದು ಇಕ್ಕಳ. ಮುಚ್ಚಿದ ಹಲ್ಲು ಹೊರಬರುವ ಕಡೆ, ಅಂದರೆ ರನ್ನರಿನ ಬಾಲದ ಕಡೆ, ಎರಡೂ ಪಕ್ಕದ ಅಂಚನ್ನು ಒಂದೊಂದಾಗಿ ಮೆಲ್ಲಗೆ ಅಮುಕಬೇಕು. ಒಂದು ಸಲ ಅಮುಕು, ಓಡಿಸಿ ನೋಡು, ಮತ್ತೆ ಅಮುಕು. ಎರಡು ರನ್ನರುಗಳಲ್ಲಿ ಮೊದಲನೆಯದು ಮೂರನೇ ಸಲಕ್ಕೆ ಸರಿಯಾಯಿತು. ಗೆದ್ದ ಹುಮ್ಮಸ್ಸಿನಲ್ಲಿ ಎರಡನೆಯದನ್ನು ಒಂದೇ ಏಟಿಗೆ ಅಮುಕಿದೆ. ಟಕ್ ಎಂದು ಪಕ್ಕ ಸೀಳಿತು. ಇವು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದವು. ಕಬ್ಬಿಣದ ತಗಡಿನ ಹಾಗೆ ಬಾಗುವುದಿಲ್ಲ, ಬಿರಿಯುತ್ತವೆ.

ಹೊಸ ರನ್ನರ್ ತರುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು. ಅದರ ಬೆನ್ನಿನ ಮೇಲೆ ಒಂದು ಅಂಕಿ ಒತ್ತಿರುತ್ತದೆ. ನನ್ನದರಲ್ಲಿ 8 ಎಂದಿತ್ತು. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಎಂದು ಅರ್ಥ. ಅಂಕಿ ಹೊಂದಿದರಷ್ಟೇ ಸಾಲದು, ಸುರುಳಿ ಜಿಪ್‌ಗೆ ಸುರುಳಿಯ ರನ್ನರೇ ಬೇಕು. ಲೋಹದ ಹಲ್ಲಿನದೂ ಅಚ್ಚಿನ ಪ್ಲಾಸ್ಟಿಕ್ ಹಲ್ಲಿನದೂ ಅದೇ ಅಂಕಿಯದಾದರೂ ಓಡುವುದಿಲ್ಲ. ಸುರುಳಿ ಹೊರಮೈಗೆ ಕಾಣುತ್ತದೋ ಒಳಮೈಗೆ ತಿರುಗಿದೆಯೋ ಎಂಬುದನ್ನೂ ನೋಡಿಕೊಳ್ಳಬೇಕು, ಇಲ್ಲವಾದರೆ ಎಳೆಯುವ ನಾಲಿಗೆ ಚೀಲದ ಒಳಗೆ ಬರುತ್ತದೆ. ನನಗೆ ಇದು ಗೊತ್ತಾದದ್ದು ಎರಡನೇ ಸಲ ಅಂಗಡಿಗೆ ಹೋದಾಗ.

ಜಿಪ್‌ನ ಕೊನೆ ಒಳಬಟ್ಟೆಯ ಹೊಲಿಗೆಯಲ್ಲಿ ಹೂತಿರುತ್ತದೆ. ಅಲ್ಲಿ ಐದು ಸೆಂಟಿಮೀಟರ್ ಹೊಲಿಗೆ ಬಿಚ್ಚಿ, ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿ ಕತ್ತರಿಸಿ, ಬಟ್ಟೆ ಎಳೆ ಬಿಡದಂತೆ ಬೆಂಕಿಕಡ್ಡಿಯ ಬಿಸಿ ತಾಗಿಸಿದೆ. ಊಟದ ಫೋರ್ಕಿನ ಹಲ್ಲುಗಳ ಮೇಲೆ ರನ್ನರನ್ನು ನಿಲ್ಲಿಸಿದರೆ ಎರಡೂ ಕೈ ಖಾಲಿ ಸಿಗುತ್ತವೆ. ಎಡದ ಪಟ್ಟಿ ಒಂದು ಕಿಂಡಿಗೆ, ಬಲದ್ದು ಇನ್ನೊಂದಕ್ಕೆ, ಎರಡನ್ನೂ ಒಂದೇ ಸಮ ಎಳೆಯಬೇಕು. ಒಂದು ಹಲ್ಲು ಹಿಂದುಮುಂದಾದರೂ ಕೊನೆಯಲ್ಲಿ ಚೀಲದ ಮೂಲೆ ಸೊಟ್ಟಗಾಗುತ್ತದೆ. ನಾಲ್ಕನೇ ಪ್ರಯತ್ನಕ್ಕೆ ಸಮ ಬಂತು. ತುದಿಯನ್ನು ದಪ್ಪ ದಾರದಿಂದ ಹತ್ತು ಸುತ್ತು ಹೊಲಿದು ತಡೆ ಮಾಡಿ, ಒಳಬಟ್ಟೆ ಮುಚ್ಚಿದೆ. ಮೇಣದಬತ್ತಿಯ ತುಂಡನ್ನು ಹಲ್ಲಿನುದ್ದಕ್ಕೂ ಉಜ್ಜಿದ ಮೇಲೆ ಸದ್ದು ಅರ್ಧಕ್ಕಿಳಿಯಿತು. ಸದ್ದಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಇದೇ ವಾರ ಕಲಿತ ಇನ್ನೊಂದು ಸಂಗತಿ ಸ್ವಲ್ಪ ಕಳವಳದ್ದು. ಎರಡು ರನ್ನರುಗಳನ್ನು ಸೇರಿಸಿ ಬೀಗ ಹಾಕಿ, ಸುರುಳಿ ಜಿಪ್‌ನ ನಡುವೆ ಬಾಲ್‌ಪೆನ್ನಿನ ಮೊನೆ ಚುಚ್ಚಿ ನೋಡಿದೆ. ಸಲೀಸಾಗಿ ಬಾಯಿ ಬಿಟ್ಟಿತು. ಬೀಗ ಹಾಕಿದ ರನ್ನರುಗಳನ್ನೇ ಜೊತೆಯಾಗಿ ಅತ್ತಿಂದಿತ್ತ ಓಡಿಸಿದರೆ ಏನೂ ಆಗದ ಹಾಗೆ ಮುಚ್ಚಿಕೊಂಡಿತು. ಅಂದಮೇಲೆ ಆ ಪುಟ್ಟ ಬೀಗ ತಡೆಯುವುದು ತಾನಾಗಿ ತೆರೆದುಕೊಳ್ಳುವ ಜಿಪ್ಪನ್ನು ಮಾತ್ರ. ಸರಪಳಿ ಹಾಕಿ ಬರ್ತಿನ ಕಂಬಿಗೆ ಕಟ್ಟಿದರೆ ಯಾರೂ ಚೀಲವನ್ನು ಎತ್ತಿಕೊಂಡು ಇಳಿದುಹೋಗಲಾರರು, ಅಷ್ಟು ಪ್ರಯೋಜನ ಉಂಟು. ಹಣ, ಗುರುತಿನ ಚೀಟಿ, ಟಿಕೆಟ್ ಮಾತ್ರ ಮೈಮೇಲೆಯೇ ಇರಬೇಕು.

ಗೇಣಿನ ಅಳತೆ

ರೈಲಿಗೆ ಟೇಪು ಒಯ್ದವರುಂಟೇ? ನಾನು ಕಳೆದ ಸಲ ನಿದ್ದೆ ಬಾರದೆ ಗೇಣಿನಲ್ಲಿ ಅಳೆದಿದ್ದೆ. ಬರ್ತಿನ ಉದ್ದ ಎಂಟೂವರೆ ಗೇಣು, ಅಗಲ ಮೂರು ಗೇಣಿಗೆ ಎರಡು ಬೆರಳು ಕಡಿಮೆ. ಕೆಳಬರ್ತಿನ ಅಡಿಯ ಎತ್ತರ ಒಂದು ಗೇಣು ಆರು ಬೆರಳು. ಮೇಲಿನ ಬರ್ತಿನಿಂದ ಚಾವಣಿಗೆ ನಾಲ್ಕು ಗೇಣು, ಕೂತರೆ ಕತ್ತು ಬಾಗಿಸಲೇಬೇಕು. ಮನೆಗೆ ಬಂದು ನೋಡಿದರೆ ನನ್ನ ಗೇಣು 21 ಸೆಂಟಿಮೀಟರ್, ಬೆರಳು 1.8. ಲೆಕ್ಕ ಹಾಕಿದರೆ ಬರ್ತ್ ಸುಮಾರು 180ಕ್ಕೆ 60, ಅಡಿಯ ಸಂದಿ 32. ರೈಲಿನಿಂದ ರೈಲಿಗೆ ಇದು ಬದಲಾಗುತ್ತದೆ, ಆದರೆ ಹೊಲಿಯುವವನಿಗೆ ಒಂದು ಅಳತೆ ಬೇಕಲ್ಲ.

ಆ 32 ನೋಡಿದ ಮೇಲೆ ಹಳೆಯ ಒಂದು ಸಿಟ್ಟು ಇಳಿಯಿತು. ನನ್ನ ಚೀಲವನ್ನು ತುಂಬಿಸಿ, ಹೆಚ್ಚುವರಿ ಜಾಗ ಕೊಡುವ ಸುತ್ತಲಿನ ಇನ್ನೊಂದು ಜಿಪ್ಪನ್ನೂ ಬಿಚ್ಚಿದಾಗ ದಪ್ಪ 34. ಪ್ರತಿ ಸಲವೂ ಕಾಲಿನಿಂದ ಒದ್ದು ಒಳಗೆ ತಳ್ಳುತ್ತಿದ್ದೆ, ಬರ್ತನ್ನು ಬೈಯುತ್ತಿದ್ದೆ. ಆ ಜಿಪ್ ಮುಚ್ಚಿದರೆ 29. ಈಗ ಅದು ಬಿಚ್ಚದ ಹಾಗೆ ನಾಲ್ಕು ಹೊಲಿಗೆ ಹಾಕಿಬಿಟ್ಟಿದ್ದೇನೆ.

ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರ್ತ್ ಬರೆದೆವು. ‘ಬರೆದೆವು’ ಎಂದದ್ದು ಏಕೆಂದರೆ ಇಲ್ಲಿಂದ ಮುಂದೆ ಮಗಳೂ ಸೇರಿಕೊಂಡಳು. ಅವಳಿಗೆ ಹತ್ತು ವರ್ಷ, ಸ್ಟಾಪ್‌ವಾಚ್ ಹಿಡಿಯುವ ಕೆಲಸ ಎಂದರೆ ಪ್ರಾಣ.

ಮೊದಲ ತೂಗುಚೀಲ, ಅದರ ಅವಾಂತರ

ಹಳೆಯ ಜೀನ್ಸ್ ಪ್ಯಾಂಟೊಂದನ್ನು ಬಿಚ್ಚಿದೆ. ಗಟ್ಟಿ ಬಟ್ಟೆ, ಎರಡು ಜೇಬು ಸಿದ್ಧವಾಗಿಯೇ ಇವೆ. 45ಕ್ಕೆ 60 ಸೆಂಟಿಮೀಟರಿನ ಬೆನ್ನುಪಟ್ಟಿ, ಅದರ ಮೇಲೆ ಆರು ಜೇಬು. ಮುಚ್ಚಲು ವೆಲ್ಕ್ರೋ ಪಟ್ಟಿ. ನೇತುಹಾಕಲು ನಡುವೆ ಒಂದು ಕೊಕ್ಕೆ.

ಜೀನ್ಸ್ ನಾಲ್ಕು ಪದರ ಸೇರುವ ಕಡೆ ಗುಡ್ಡದ ಹಾಗೆ ಏಳುತ್ತದೆ. ಯಂತ್ರದ ಪಾದ ಓರೆಯಾಗಿ, ಸೂಜಿ ಬಾಗಿ ಮುರಿಯುತ್ತದೆ. ನನ್ನವು ಎರಡು ಮುರಿದವು. ಆಮೇಲೆ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ಮೂರು ಮಿಲಿಮೀಟರಿಗೆ ಹೆಚ್ಚಿಸಿ, ಆ ಗುಡ್ಡವನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ತೆಳ್ಳಗೆ ಮಾಡಿಕೊಂಡೆ. ಆ ಜಾಗ ದಾಟುವಾಗ ಕಾಲು ತೆಗೆದು ಕೈಚಕ್ರವನ್ನೇ ಒಂದೊಂದು ಹೊಲಿಗೆಯಾಗಿ ತಿರುಗಿಸಿದೆ. ಸುತ್ತಿಗೆಯಿಂದ ಬಟ್ಟೆ ಹೊಡೆಯುವುದನ್ನು ನೋಡಿ ಮಗಳು ಕೇಳಿದಳು, “ಅಪ್ಪಾ, ನೀನು ಹೊಲೀತಿದೀಯೋ ಬಡಗಿ ಕೆಲಸ ಮಾಡ್ತಿದೀಯೋ?”

ಜೇಬಿನ ಲೆಕ್ಕದಲ್ಲೂ ಎಡವಿದೆ. ಬೆನ್ನುಪಟ್ಟಿಯ ಮೇಲೆ ಅದೇ ಅಗಲದ ಬಟ್ಟೆ ಇಟ್ಟು ಮೂರು ಕಡೆ ಹೊಲಿದರೆ ಅದರೊಳಗೆ ಕಾಗದ ಹೋಗುತ್ತದೆ, ಸಾಮಾನು ಹೋಗುವುದಿಲ್ಲ. ಏಳು ಸೆಂಟಿಮೀಟರ್ ಅಡ್ಡಳತೆಯ ಬಾಟಲಿಗೆ ಜೇಬಿನ ಬಟ್ಟೆ ಎಷ್ಟು ಬೇಕು? ಬಾಟಲಿಯ ಮುಂದಿನ ಅರ್ಧ ಸುತ್ತು 11, ಎರಡೂ ಪಕ್ಕದಲ್ಲಿ ಬೆನ್ನುಪಟ್ಟಿಗೆ ಇಳಿಯಲು ಮೂರೂವರೆ ಮೂರೂವರೆ, ಒಟ್ಟು 18. ಹೊಲಿಗೆಯ ಅಂಚಿಗೆ ಎರಡು ಸೇರಿಸಿದರೆ 20. ಬೆನ್ನಿನ ಮೇಲೆ ಅದು ಆಕ್ರಮಿಸುವುದು ಮಾತ್ರ ಏಳು. ಮಿಕ್ಕ ಬಟ್ಟೆಯನ್ನು ತಳದಲ್ಲಿ ಎರಡು ನಿರಿಗೆ ಹಿಡಿದು ಮಡಚಬೇಕು. ಇದನ್ನು ಕಂಡುಕೊಳ್ಳುವ ಮೊದಲು ಮೂರು ಜೇಬು ಹೊಲಿದು ಮುಗಿದಿತ್ತು. ಬಿಚ್ಚಿದೆ.

ತೂಗುಚೀಲ ತಯಾರಾಯಿತು, ನೀರಿನ ಬಾಟಲಿಯೂ ಸೇರಿ ಎರಡು ಕಿಲೋಗೆ ಹತ್ತಿರ. ಕಿಟಕಿಯ ಕಂಬಿಗೆ ಕೊಕ್ಕೆ ಸಿಕ್ಕಿಸಿ ತಳ್ಳಿ ನೋಡಿದೆ. ಲೋಲಕ. ಅದೂ ಎಂಥ ಲೋಲಕ! ಕೊಕ್ಕೆಯಿಂದ ಭಾರದ ನಡುವಿಗೆ ಅರ್ಧ ಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು 1.4 ಸೆಕೆಂಡು. ರೈಲಿನ ಡಬ್ಬಿ ತನ್ನ ಸ್ಪ್ರಿಂಗುಗಳ ಮೇಲೆ ಅಕ್ಕಪಕ್ಕ ಓಲಾಡುವ ಲಯವೂ ಸೆಕೆಂಡಿಗೆ ಒಂದರ ಆಸುಪಾಸಿನದು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ರೈಲು ಇದನ್ನು ರಾತ್ರಿಯಿಡೀ ತಳ್ಳುತ್ತಲೇ ಇರುತ್ತದೆ. ಎರಡು ಕಿಲೋ ಭಾರ ಮಲಗಿದವನ ಮೂಗಿನ ಮುಂದೆ ಆಡುತ್ತಲೇ ಇರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ವೆಲ್ಕ್ರೋ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಂದು ಜೇಬು ತೆರೆದೆ. ಪರ್‍ರ್ ಎಂದು ಹರಿದ ಸದ್ದಿಗೆ ಪಕ್ಕದ ಕೋಣೆಯಿಂದ “ಏನದು?” ಎಂಬ ದನಿ ಬಂತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್‌ಗೆ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ಮೈಗೂ ಅಂಟಿದ ಮುಳ್ಳುಕಾಯಿಗಳನ್ನು ನೋಡಿ ಹೊಳೆದ ಉಪಾಯ ಇದು. ಪೇಟೆಂಟ್ ಆದದ್ದು 1955ರಲ್ಲಿ. ಮುಳ್ಳುಕಾಯಿ ಬಟ್ಟೆಯಿಂದ ಬಿಡುವಾಗ ಸದ್ದಿಲ್ಲ, ಆದರೆ ನೂರಾರು ನೈಲಾನ್ ಕೊಕ್ಕೆಗಳು ಒಂದರ ಹಿಂದೊಂದು ಕಳಚಿಕೊಳ್ಳುವಾಗ ಬಟ್ಟೆಯೇ ಹರಿದಂತೆ ಕೇಳುತ್ತದೆ. ಸಾಮಾನು ಸಿಗುವುದಷ್ಟೇ ಮುಖ್ಯ ಎಂದುಕೊಂಡಿದ್ದೆ ನಾನು. ಸದ್ದಿಲ್ಲದೆ ಸಿಗಬೇಕು ಎಂಬುದು ಅವತ್ತಿನಿಂದ ಲೆಕ್ಕಕ್ಕೆ ಸೇರಿತು. ಟಿಚ್ ಬಟನ್ನೂ ಟಕ್ ಅನ್ನುತ್ತದೆ. ಆಯಸ್ಕಾಂತ ಮೌನಿ, ಆದರೆ ಬ್ಯಾಂಕಿನ ಕಾರ್ಡಿನ ಕಪ್ಪು ಪಟ್ಟಿಯ ಹತ್ತಿರ ಅದನ್ನು ತರಲು ಧೈರ್ಯವಾಗಲಿಲ್ಲ.

ಎರಡನೆಯದು

ಬಟ್ಟೆ ಈ ಸಲ ಮುರಿದ ಛತ್ರಿಯದು. ಕಡ್ಡಿಗಳಿಂದ ಬಿಡಿಸಿ, ತೊಳೆದು, ಕಡಿಮೆ ಬಿಸಿಯ ಇಸ್ತ್ರಿ ಹಾಕಿದರೆ ಮೆತ್ತಗಾಗುತ್ತದೆ. ಜೀನ್ಸಿನ ಚೀಲ ಖಾಲಿಯೇ 410 ಗ್ರಾಂ ಇತ್ತು, ಇದು 130. ಮೇಲಿನ ಅಂಚಿಗೆ ಮಾತ್ರ ಜೀನ್ಸಿನ ಪಟ್ಟಿ, ಭಾರ ಬೀಳುವುದು ಅಲ್ಲಿ. ಛತ್ರಿ ಬಟ್ಟೆ ಜಾರುತ್ತದೆ, ಗುಂಡುಸೂಜಿ ಚುಚ್ಚಿದರೆ ತೂತು ಉಳಿಯುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನೇ ಹಾಕಿ ಹಿಡಿದು, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಯಂತ್ರಕ್ಕೆ ಕೊಟ್ಟೆ.

ಅಳತೆ 36ಕ್ಕೆ 34. ಜೇಬು ನಾಲ್ಕೇ. ಮುಚ್ಚಲು ಗುಂಡಿ ಮತ್ತು ದಾರದ ಕುಣಿಕೆ, ಅಜ್ಜಿಯರ ಕಾಲದ ತಂತ್ರ. ಕತ್ತಲೆಯಲ್ಲಿ ಒಂದೇ ಕೈಯ ಹೆಬ್ಬೆರಳಿನಿಂದ ಬಿಚ್ಚಬಹುದು, ಉಸಿರಾಡಿದಷ್ಟೂ ಸದ್ದಿಲ್ಲ. ಪ್ರತಿ ಜೇಬಿಗೂ ಗುರುತು ಬೇಕಿತ್ತು. ಬಣ್ಣ ಹಾಕಿದರೆ ಕತ್ತಲೆಯಲ್ಲಿ ಕಾಣದು. ಹಾಗಾಗಿ ಗುಂಡಿಗಳನ್ನೇ ಬೇರೆ ಬೇರೆ ಆರಿಸಿದೆ: ಔಷಧಿಯ ಜೇಬಿಗೆ ಮರದ ಉದ್ದನೆಯ ಗುಂಡಿ, ಕನ್ನಡಕಕ್ಕೆ ದೊಡ್ಡ ಗುಂಡನೆಯದು, ಫೋನಿನ ಜೇಬಿಗೆ ಬಟ್ಟೆ ಸುತ್ತಿದ್ದು, ಟಾರ್ಚಿನ ಜೇಬಿಗೆ ಗುಂಡಿಯೇ ಇಲ್ಲ, ಕೈ ಹಾಕಿದರೆ ಆಯಿತು. ಯಾವುದು ಏನು ಎಂಬುದನ್ನು ಬೆರಳು ಓದುತ್ತದೆ.

ಕೊಕ್ಕೆ ಬಿಟ್ಟೆ. ಒಂದೊಂದು ಡಬ್ಬಿಯಲ್ಲಿ ಕೊಕ್ಕೆಗೆ ಜಾಗ ಒಂದೊಂದು ಥರ, ಕೆಲವು ಕಡೆ ಕೈಗಂಬಿ ಮಾತ್ರ. ಹಗ್ಗದ ಕುಣಿಕೆಯಾದರೆ ಎಲ್ಲಿ ಬೇಕಾದರೂ ನಡೆಯುತ್ತದೆ: ಕುಣಿಕೆಯನ್ನು ಕಂಬಿಯ ಹಿಂದಿನಿಂದ ತಂದು, ಚೀಲವನ್ನೇ ಅದರೊಳಗೆ ತೂರಿಸಿ ಎಳೆದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ. ಮೇಲಿನ ಎರಡು ಮೂಲೆಗೂ ಒಂದೊಂದು ಕುಣಿಕೆ, ಕಂಬಿಗೂ ಚೀಲಕ್ಕೂ ನಡುವೆ ಎರಡೇ ಬೆರಳು. ಕೆಳಗಿನ ಎರಡು ಮೂಲೆಗೆ ಉದ್ದನೆಯ ಲಾಡಿ, ಹಾಸಿಗೆಯ ಅಂಚಿಗೋ ಪಕ್ಕದ ಕಂಬಿಗೋ ಕಟ್ಟಲು. ನಾಲ್ಕು ಕಡೆ ಹಿಡಿದ ಮೇಲೆ ಲೋಲಕದ ಆಟ ನಿಂತಿತು. ಕುಣಿಕೆ ಹೊಲಿದ ಜಾಗಕ್ಕೆ ಚೌಕ ಹೊಲಿದು ಅದರೊಳಗೆ ಕತ್ತರಿ ಗುರುತಿನ ಹೊಲಿಗೆ. ಸೇಬಿನ ಗಾತ್ರದ ನಾಲ್ಕು ಕಲ್ಲು ತುಂಬಿ ಒಂದು ರಾತ್ರಿ ನೇತುಹಾಕಿದೆ, ಒಂದು ಎಳೆಯೂ ಬಿಡಲಿಲ್ಲ.

ಎಲ್ಲಿ ಕಟ್ಟಬಾರದು ಎಂಬುದನ್ನೂ ಹೇಳಬೇಕು. ಅಪಾಯಕ್ಕೆ ಎಳೆಯುವ ಸರಪಳಿಗೆ, ಅದರ ಹಿಡಿಗೆ ಖಂಡಿತ ಬೇಡ. ಏಣಿಗೆ ಬೇಡ, ರಾತ್ರಿ ಇಳಿಯುವವರ ಕಾಲಿಗೆ ಸಿಗುತ್ತದೆ. ಮೂರು ಅಂತಸ್ತಿನ ಡಬ್ಬಿಯಲ್ಲಿ ನಡುವಿನ ಬರ್ತ್ ಹಗಲು ಮಡಚಿ ಒರಗುವ ಬೆನ್ನಾಗುತ್ತದೆ. ಅದರ ಕೊಂಡಿಗೆ ಕಟ್ಟಿದ್ದು ಬೆಳಿಗ್ಗೆ ಅಪ್ಪಚ್ಚಿ.

ಕತ್ತಲೆ ಪರೀಕ್ಷೆ

ದೀಪ ಆರಿಸಿ, ಕಿಟಕಿ ಮುಚ್ಚಿ, ಸೀಮೆಸುಣ್ಣದ ಬರ್ತಿನಲ್ಲಿ ಮಲಗಿದೆ. ಗೆರೆ ದಾಟಿದರೆ ‘ಬಿದ್ದ ಹಾಗೆ’ ಎಂಬುದು ಮಗಳ ನಿಯಮ. ಅವಳು ಹೆಸರು ಕೂಗಬೇಕು, ನಾನು ತೆಗೆದು ಕೊಡಬೇಕು. ಮೊದಲು ಹಳೆಯ ಪದ್ಧತಿಯ ಚೀಲ, ಮೇಜಿನ ಅಡಿಯಲ್ಲಿಟ್ಟು. ಕನ್ನಡಕ, ಮಾತ್ರೆ, ಸ್ವೆಟರ್, ಟಾರ್ಚ್, ನೀರು: ಐದಕ್ಕೆ ಆರು ನಿಮಿಷ ಚಿಲ್ಲರೆ, ಎರಡು ಸಲ ‘ಬಿದ್ದೆ’. ಆಮೇಲೆ ತೂಗುಚೀಲ: 48 ಸೆಕೆಂಡು. ಅದರಲ್ಲಿ 30 ಸೆಕೆಂಡು ಸ್ವೆಟರಿಗೇ ಹೋಯಿತು, ಅದು ಜೇಬಿನಲ್ಲಿ ಹಿಡಿಸದೆ ಕಾಲ ಬಳಿ ಇಟ್ಟಿದ್ದೆ.

“ಅಪ್ಪಾ, ಸ್ವೆಟರನ್ನ ದಿಂಬು ಮಾಡ್ಕೋಬಾರ್ದಾ?” ಅಂದಳು. ಹೌದಲ್ಲ! ಒಂದು ದಿಂಬಿನ ಕವರಿಗೆ ಸ್ವೆಟರ್ ಮತ್ತು ತೆಳು ಹೊದಿಕೆ ಮಡಚಿ ತುಂಬಿದರೆ ತಲೆಯ ಅಡಿಯಲ್ಲೇ ಇರುತ್ತದೆ. ಚಳಿಯಾದಾಗ ಒಂದನ್ನು ಎಳೆದುಕೊಂಡರೂ ಇನ್ನೊಂದು ದಿಂಬಾಗಿ ಉಳಿಯುತ್ತದೆ. ಮುಂದಿನ ಸುತ್ತು 21 ಸೆಕೆಂಡು.

ಟಾರ್ಚಿನ ಬೆಳಕು ಇನ್ನೊಂದು ತೊಡಕು. ಬಿಳಿ ಬೆಳಕು ಎದುರು ಬರ್ತಿನವರ ಮುಖಕ್ಕೆ ಬೀಳುತ್ತದೆ, ನನ್ನ ಕಣ್ಣನ್ನೂ ಕೆಡಿಸುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು. ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ಕೋಶಗಳು ಕೆಂಪು ಬೆಳಕಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಅದಕ್ಕೆ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಮೂರು ಪದರ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದೆ. ಒಂದು ತೊಂದರೆ, ಕೆಂಪು ಬೆಳಕಿನಲ್ಲಿ ಕೆಂಪು ಅಕ್ಷರ ಮಾಯವಾಗುತ್ತದೆ. ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಕೆಂಪಿನಲ್ಲಿತ್ತು. ರಾತ್ರಿಯ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿ ಕಪ್ಪು ಶಾಯಿಯಲ್ಲಿ ಬರೆದಿಟ್ಟೆ.

ತುಂಬಿದ್ದು

ಹೊರಡುವ ಹಿಂದಿನ ದಿನ ಸಾಮಾನನ್ನೆಲ್ಲ ಮಂಚದ ಮೇಲೆ ಹರಡಿ, ಹೊತ್ತಿನ ಪ್ರಕಾರ ಗುಡ್ಡೆ ಮಾಡಿದೆ. ಊರು ತಲುಪಿದ ಮೇಲಿನದು ದೊಡ್ಡ ಗುಡ್ಡೆ, ಅದು ಚೀಲದ ತಳಕ್ಕೆ. ಬೆಳಿಗ್ಗೆ ಎದ್ದ ಮೇಲಿನದು ಚಿಕ್ಕದು: ಬ್ರಷ್, ಪೇಸ್ಟ್, ತೆಳು ಟವೆಲ್, ಸೋಪು, ಒಂದು ಅಂಗಿ. ಇದಕ್ಕೆ ಕತ್ತಿಗೆ ಹಾಕಿಕೊಳ್ಳುವ ಲಾಡಿ ಚೀಲ ಮಾಡಿದ್ದೇನೆ, ಏಕೆಂದರೆ ಓಡುವ ರೈಲಿನ ಶೌಚಾಲಯದಲ್ಲಿ ನೆಲ ಒದ್ದೆ, ಒಂದು ಕೈ ಕಂಬಿಗೆ ಬೇಕು, ಉಳಿದ ಒಂದು ಕೈಯಲ್ಲಿ ಬ್ರಷ್ಷೂ ಪೇಸ್ಟೂ ನಲ್ಲಿಯೂ. ಟವೆಲ್ ಹಿಡಿಯಲು ಮೂರನೇ ಕೈ ಯಾರಿಗಿದೆ? ರಾತ್ರಿಯ ಗುಡ್ಡೆ ತೂಗುಚೀಲಕ್ಕೂ ದಿಂಬಿನ ಕವರಿಗೂ. ಹತ್ತಿದ ಕೂಡಲೇ ಬೇಕಾಗುವುದು, ಅಂದರೆ ಟಿಕೆಟ್, ಗುರುತಿನ ಚೀಟಿ, ಪೆನ್ನು, ಅಂಗಿಯ ಒಳಜೇಬಿಗೆ.

ಯಾವ ಗುಡ್ಡೆಗೂ ಸೇರದ ಸಾಮಾನು ಒಂದಷ್ಟು ಉಳಿಯಿತು. ಎರಡು ದಪ್ಪ ಪುಸ್ತಕ, ಮೂರನೇ ಜೊತೆ ಚಪ್ಪಲಿ, ‘ಎಲ್ಲಾದರೂ ಬೇಕಾದರೆ’ ಎಂಬ ಎರಡು ಅಂಗಿ. ಹೊತ್ತೇ ಇಲ್ಲದ ಸಾಮಾನು ಬೀರುವಿಗೆ ವಾಪಸ್. ಚೀಲ 11.4 ಕಿಲೋದಿಂದ 8.6ಕ್ಕೆ ಇಳಿಯಿತು.

ಪವರ್ ಬ್ಯಾಂಕಿನ ಮೇಲೂ ಕಣ್ಣು ಬಿತ್ತು. ನನ್ನದು 20,000 ಮಿಲಿಆಂಪಿಯರ್ ಗಂಟೆಯದು. ಆ ಅಂಕಿ ಒಳಗಿನ ಬ್ಯಾಟರಿಯ 3.7 ವೋಲ್ಟಿನ ಲೆಕ್ಕ, ಅಂದರೆ 74 ವ್ಯಾಟ್ ಗಂಟೆ. ಹೊರಗೆ 5 ವೋಲ್ಟಿನಲ್ಲಿ ಬರುವಾಗ ಅದು 14,800. ದಾರಿಯಲ್ಲಿ ಬಿಸಿಯಾಗಿ ಒಂದಷ್ಟು ಸೋರುತ್ತದೆ. ಹಾಗಿದ್ದರೂ ಒಂದು ರಾತ್ರಿಗೆ ಇದು ವಿಪರೀತ. ಅರ್ಧ ತೂಕದ 10,000ದ್ದು ಒಯ್ದೆ. ಚಾರ್ಜು ಆಗುವಾಗ ದಿಂಬಿನ ಅಡಿ ಇಡಬಾರದು, ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಫೋನಿನ ಜೇಬಿನ ಬಾಯಿ ತೆರೆದೇ ಇಟ್ಟೆ.

ಬಟ್ಟೆ ಸುರುಳಿ ಸುತ್ತಬೇಕೋ ಮಡಚಬೇಕೋ ಎಂದು ಜನ ಜಗಳವಾಡುತ್ತಾರೆ. ಬನಿಯನ್ನು, ಟೀ ಶರ್ಟು ಸುತ್ತಿದೆ. ಕಾಲರಿನ ಅಂಗಿ ಮಡಚಿದೆ. ಮುಗಿಯಿತು. ಪ್ಲಾಸ್ಟಿಕ್ ಚೀಲ ಒಂದನ್ನೂ ಇಡಲಿಲ್ಲ, ಎಲ್ಲಕ್ಕೂ ಹಳೇ ದಿಂಬಿನ ಕವರು ಕತ್ತರಿಸಿ ಹೊಲಿದ ಬಟ್ಟೆ ಚೀಲ.

ರೈಲಿನಲ್ಲಿ

ಈ ಸಲವೂ ಮೇಲಿನ ಬರ್ತ್. ಚೀಲ ಸರಾಗವಾಗಿ ಅಡಿಗೆ ಹೋಯಿತು, ಹಿಡಿ ಹೊರಗೆ. ಚಕ್ರ ನೆಲಕ್ಕೆ ತಾಗುವಂತೆ ನಿಲ್ಲಿಸಲಿಲ್ಲ, ಬೆನ್ನಿನ ಮೇಲೆ ಮಲಗಿಸಿದೆ. ಬರ್ತುಗಳು ರೈಲಿಗೆ ಅಡ್ಡವಾಗಿರುವ ಡಬ್ಬಿಯಲ್ಲಿ ನಾವು ಚೀಲ ತಳ್ಳುವುದು ರೈಲು ಓಡುವ ದಿಕ್ಕಿನಲ್ಲೇ. ಬ್ರೇಕು ಬಿದ್ದರೆ ಚಕ್ರದ ಚೀಲ ತಾನೇ ಹೊರಗೆ ಉರುಳಿ ಬರುತ್ತದೆ. ನಾಲ್ಕು ಚಕ್ರ ಎಲ್ಲ ದಿಕ್ಕಿಗೂ ತಿರುಗುವಂಥದ್ದಾದರೆ ಹೇಳುವುದೇ ಬೇಡ. ಎರಡು ಚಕ್ರ, ಉದ್ದ ಹಿಡಿಯ ನೆಟ್ಟಗಿನ ಚೀಲವನ್ನು 1987ರಲ್ಲಿ ರೂಪಿಸಿದ ರಾಬರ್ಟ್ ಪ್ಲಾತ್ ವಿಮಾನದ ಪೈಲಟ್. ನುಣುಪು ನೆಲದಲ್ಲಿ ಎಳೆದುಕೊಂಡು ಓಡುವವರಿಗೆ ಅದು ವರ. ಬರ್ತಿನ ಅಡಿಯಲ್ಲಿ ಚಕ್ರ ಗಾಳಿಯಲ್ಲಿದ್ದರೇ ಕ್ಷೇಮ.

ತೂಗುಚೀಲ ಕಟ್ಟಲು ಎರಡು ನಿಮಿಷ. ಮೊದಲು ತಲೆಯ ಪಕ್ಕಕ್ಕೆ ಕಟ್ಟಿದೆ, ಅಲ್ಲಿ ಅದು ದೀಪದ ಸ್ವಿಚ್ಚನ್ನು ಮುಚ್ಚಿತು. ಬಿಚ್ಚಿ ಎದೆಯ ನೇರಕ್ಕೆ ಸರಿಸಿದೆ. ಅದೇ ಸರಿಯಾದ ಜಾಗ, ಮೊಣಕೈ ಮಡಚಿದರೆ ಕೈ ನೇರ ಜೇಬಿಗೆ ಬೀಳುತ್ತದೆ. ರೈಲು ವೇಗ ಹಿಡಿದ ಮೇಲೆ ಹೊಸದೊಂದು ಸದ್ದು ಕೇಳಿತು, ಕಿರ್ ಕಿರ್. ಹಗ್ಗ ಕಂಬಿಗೆ ಉಜ್ಜುತ್ತಿತ್ತು. ಮನೆಯ ಕಿಟಕಿಯ ಕಂಬಿ ಅಲುಗಾಡುವುದಿಲ್ಲವಾದ್ದರಿಂದ ಅಲ್ಲಿ ಇದು ಗೊತ್ತಾಗಿರಲಿಲ್ಲ. ಕರವಸ್ತ್ರ ಸುತ್ತಿ ಅದರ ಮೇಲೆ ಕುಣಿಕೆ ಹಾಕಿದೆ, ನಿಂತಿತು.

ಎರಡೂವರೆಗೆ ಎಚ್ಚರವಾಯಿತು, ಅಭ್ಯಾಸಬಲ. ಸ್ವೆಟರ್ ತಲೆಯ ಅಡಿಯಿಂದ ಬಂತು. ಮರದ ಗುಂಡಿ ಬೆರಳಿಗೆ ಸಿಕ್ಕಿತು, ಮಾತ್ರೆ ಸಿಕ್ಕಿತು, ನೀರು ಸಿಕ್ಕಿತು. ಟಾರ್ಚ್ ಹಚ್ಚಲೇ ಇಲ್ಲ. ಕೆಳಗಿನವರ ಗೊರಕೆ ಲಯ ತಪ್ಪಲಿಲ್ಲ.

ಕೆಟ್ಟದ್ದು ಒಂದೇ. ಕನ್ನಡಕದ ಜೇಬನ್ನು ಕೆಳಗಿನ ಸಾಲಿನ ಎಡಕ್ಕೆ ಹೊಲಿದಿದ್ದೆ. ಆ ಮಗ್ಗುಲಿಗೆ ಹೊರಳಿದಾಗ ಭುಜ ಅದಕ್ಕೆ ಒತ್ತಿ, ಗಟ್ಟಿ ಡಬ್ಬಿ ಇಲ್ಲದ್ದರಿಂದ ಕಡ್ಡಿ ಸೊಟ್ಟಗಾಯಿತು. ಬೆಳಿಗ್ಗೆ ಮೂಗಿನ ಮೇಲೆ ಓರೆ ಕನ್ನಡಕ ಇಟ್ಟುಕೊಂಡೇ ಇಳಿದೆ. ಬೆಲ್ಟ್ ಮಾತ್ರ ಸೊಂಟದಲ್ಲೇ ಇತ್ತು, ಎರಡೂ ರನ್ನರುಗಳು ಹಲ್ಲನ್ನು ಕಚ್ಚಿ ಹಿಡಿದಿದ್ದವು.

ಆ ಜೇಬಿನ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ. ಕನ್ನಡಕ ಮೇಲಿನ ಸಾಲಿಗೆ ಹೋಗಬೇಕು, ಅಲ್ಲಿರುವ ಫೋನು ಕೆಳಗೆ ಬರಬೇಕು, ಅಂದಮೇಲೆ ಗುಂಡಿಗಳೂ ಅದಲುಬದಲಾಗಬೇಕು. 16ನೇ ನಂಬರಿನ ಸೂಜಿ ಮುಗಿದಿದೆ.